ಓವೆನ್ಸ್ ಕಣಿವೆ ರೇಡಿಯೋ ವೀಕ್ಷಣಾಲಯ

ಓವೆನ್ಸ್ ಕಣಿವೆ ರೇಡಿಯೋ ವೀಕ್ಷಣಾಲಯವು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಪೂರ್ವ ಭಾಗದಲ್ಲಿ, ಬಿಗ್ ಪೈನ್ ಎಂಬ ಚಿಕ್ಕ ಊರಿನ ಸಮೀಪವಿರುವ ಖಗೋಳ ಸಂಶೋಧನಾ ಕೇಂದ್ರ. ಸಮುದ್ರಮಟ್ಟದಿಂದ ಸುಮಾರು 1,220 ಮೀಟರ್ ಎತ್ತರದ ಮರುಭೂಮಿ ಕಣಿವೆಯಲ್ಲಿ ನೆಲೆಸಿರುವ ಇದನ್ನು ಪ್ಯಾಸಡೀನಾ ನಗರದಲ್ಲಿರುವ ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆ, ಅಂದರೆ ಕ್ಯಾಲ್ಟೆಕ್, 1958ರಿಂದ ನಡೆಸುತ್ತಿದೆ. ಕ್ವೇಸಾರ್‌ಗಳ ಶೋಧ, ಗುರುಗ್ರಹದ ವಿಕಿರಣ ಪಟ್ಟಿಗಳ ಅಧ್ಯಯನ, ಕ್ಷಿಪ್ರ ರೇಡಿಯೋ ಸ್ಫೋಟಗಳ ಮೂಲದ ಪತ್ತೆ ಮೊದಲಾದ ಕಾರ್ಯಗಳಲ್ಲಿ ಇದರ ಪಾತ್ರ ಹಿರಿದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನು ಮುಂದೆ ಎರಡು ದಶಕಗಳ ಕಾಲ ಮುನ್ನಡೆಸಿದ ವಿ. ರಾಧಾಕೃಷ್ಣನ್ ಅವರು ತಮ್ಮ ಮೊದಲ ಮಹತ್ವದ ಸಂಶೋಧನೆಯನ್ನು ನಡೆಸಿದ್ದು ಇಲ್ಲಿಯೇ.

ವೀಕ್ಷಣಾಲಯವನ್ನು ನೋಡಲು ಬರುವವರ ಕಣ್ಣಿಗೆ ಮೊದಲು ಬೀಳುವುದು ಬಿಳಿಯ ಬೃಹತ್ ತಟ್ಟೆಗಳು. ಆದರೆ ಇಲ್ಲಿನ ಅತ್ಯಂತ ಬೆಲೆಬಾಳುವ ಸಂಪತ್ತು ಕಣ್ಣಿಗೆ ಕಾಣುವಂಥದ್ದಲ್ಲ. ಅದು ಈ ಕಣಿವೆಯ ರೇಡಿಯೋ ಮೌನ. ಆ ಮೌನದ ಅರ್ಧ ಭಾಗವನ್ನು ಪರ್ವತಗಳು ಕೊಟ್ಟಿವೆ. ಇನ್ನರ್ಧ ಭಾಗವು ಮನುಷ್ಯರು ಮನುಷ್ಯರಿಗೆ ಮಾಡಿದ ಒಂದು ಅನ್ಯಾಯದಿಂದ ಒದಗಿದೆ. ಆದ್ದರಿಂದ ಯಂತ್ರಗಳ ವಿವರಣೆಗೆ ಮುನ್ನ ಕಣಿವೆಯ ಕಥೆಯನ್ನು ತಿಳಿಯುವುದು ಅಗತ್ಯ.

ಕಣಿವೆ ಮತ್ತು ಅದರ ನೀರು

ಓವೆನ್ಸ್ ಕಣಿವೆ ಉತ್ತರ ದಕ್ಷಿಣವಾಗಿ ಸುಮಾರು 120 ಕಿಲೋಮೀಟರ್ ಉದ್ದಕ್ಕೆ ಚಾಚಿದ ಕಿರಿದಾದ ತಗ್ಗು. ಪಶ್ಚಿಮಕ್ಕೆ ಸಿಯೆರಾ ನೆವಾಡಾ ಪರ್ವತಶ್ರೇಣಿ. ಅದರ ವಿಟ್ನಿ ಶಿಖರದ ಎತ್ತರ 4,421 ಮೀಟರ್. ಪೂರ್ವಕ್ಕೆ ವೈಟ್ ಮತ್ತು ಇನ್ಯೋ ಪರ್ವತಗಳು. ಅಲ್ಲಿನ ಅತ್ಯುನ್ನತ ಶಿಖರವೂ 4,300 ಮೀಟರನ್ನು ಮೀರುತ್ತದೆ. ಹೀಗೆ ಎರಡು ಕಡೆಯೂ ಮೂರು ಸಾವಿರ ಮೀಟರ್ ಎತ್ತರದ ಗೋಡೆಗಳ ನಡುವೆ ಸಿಕ್ಕಿಕೊಂಡ ಈ ನೆಲವು ಅಮೆರಿಕದ ಅತ್ಯಂತ ಆಳವಾದ ಕಣಿವೆಗಳಲ್ಲಿ ಒಂದು.

ಶಾಂತ ಸಾಗರದಿಂದ ಬರುವ ಮೋಡಗಳು ಸಿಯೆರಾದ ಪಶ್ಚಿಮದ ಇಳಿಜಾರಿನಲ್ಲಿಯೇ ತಮ್ಮ ಭಾರವನ್ನು ಇಳಿಸಿಬಿಡುತ್ತವೆ. ಆಗುಂಬೆಯಲ್ಲಿ ಸುರಿದ ಮಳೆ ಚಳ್ಳಕೆರೆಯನ್ನು ತಲುಪದಿರುವ ಕಾರಣವೇ ಇಲ್ಲಿಯೂ ಇದೆ. ಆದರೆ ಪರ್ವತದ ಎತ್ತರ ಹೆಚ್ಚಾದುದರಿಂದ ಮಳೆನೆರಳು ಇನ್ನೂ ಗಾಢವಾದುದು. ಕಣಿವೆಯ ತಳದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 13 ಸೆಂಟಿಮೀಟರ್ ಮಾತ್ರ. ಆದರೂ ಈ ನೆಲ ಒಂದು ಕಾಲದಲ್ಲಿ ಹಸಿರಾಗಿತ್ತು. ಪರ್ವತದ ಮೇಲೆ ಚಳಿಗಾಲದಲ್ಲಿ ಬಿದ್ದ ಹಿಮ ಬೇಸಗೆಯಲ್ಲಿ ಕರಗಿ ಹತ್ತಾರು ತೊರೆಗಳಾಗಿ ಇಳಿದು ಓವೆನ್ಸ್ ನದಿಯನ್ನು ಸೇರುತ್ತಿತ್ತು. ನದಿಯು ಕಣಿವೆಯ ದಕ್ಷಿಣದ ಓವೆನ್ಸ್ ಸರೋವರವನ್ನು ತುಂಬುತ್ತಿತ್ತು. ಇಲ್ಲಿನ ಮೂಲನಿವಾಸಿಗಳಾದ ಪಯೂಟ್ ಜನರು ಈ ಸೀಮೆಯನ್ನು ‘ಪಯಹೂನಾಡು’ ಎಂದು ಕರೆಯುತ್ತಾರೆ. ನೀರು ಹರಿಯುವ ಸ್ಥಳ ಎಂಬುದು ಅದರ ಅರ್ಥ. (ಕೊನೆಯಲ್ಲಿ ಕೇಳಿಬರುವ ‘ನಾಡು’ ಕನ್ನಡದ ನಾಡಲ್ಲ, ಇದು ಕೇವಲ ಧ್ವನಿಸಾಮ್ಯ.) ಅವರು ತೊರೆಗಳಿಂದ ಕಾಲುವೆಗಳನ್ನು ತೆಗೆದು ಕಾಡುಗಡ್ಡೆಗಳ ಬಯಲಿಗೆ ನೀರು ಹಾಯಿಸುತ್ತಿದ್ದರು.

ಮೊದಲ ಅನ್ಯಾಯ ನಡೆದದ್ದು ಇವರ ಮೇಲೆ. 1860ರ ದಶಕದಲ್ಲಿ ದನಗಾಹಿಗಳೂ ಗಣಿಗಾರರೂ ಕಣಿವೆಯೊಳಕ್ಕೆ ಬಂದಾಗ ಘರ್ಷಣೆ ಆರಂಭವಾಯಿತು. 1863ರಲ್ಲಿ ಸುಮಾರು ಸಾವಿರ ಮಂದಿ ಪಯೂಟರನ್ನು ಸೈನ್ಯವು ಕಾಲ್ನಡಿಗೆಯಲ್ಲಿ ದೂರದ ಟೆಹೋನ್ ಕೋಟೆಗೆ ಅಟ್ಟಿತು. ಅವರಲ್ಲಿ ಹಲವರು ಮುಂದೆ ಮರಳಿ ಬಂದರಾದರೂ ಅವರ ನೆಲ ಮತ್ತು ಕಾಲುವೆಗಳು ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದವು.

ಹಾಗೆ ಪಡೆದವರಿಗೂ ಆ ನೀರು ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾಸ್ ಏಂಜಲೀಸ್ ನಗರವು ತನ್ನ ಬಾಯಾರಿಕೆಗೆ ಈ ನದಿಯನ್ನು ಗುರುತಿಸಿತು. ನಗರದ ಪರವಾಗಿ ನಿಂತವರು ಕಣಿವೆಯ ರೈತರ ಜಮೀನುಗಳನ್ನೂ ಅವುಗಳೊಡನೆ ಬರುವ ನೀರಿನ ಹಕ್ಕುಗಳನ್ನೂ ಒಂದೊಂದಾಗಿ ಕೊಂಡರು. ಉದ್ದೇಶವೇನೆಂಬುದು ಮಾರಿದವರಲ್ಲಿ ಅನೇಕರಿಗೆ ಆಗ ತಿಳಿದಿರಲಿಲ್ಲ. ವಿಲಿಯಂ ಮಲ್ಹಾಲೆಂಡ್ ಎಂಬ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ಸುಮಾರು 375 ಕಿಲೋಮೀಟರ್ ಉದ್ದದ ಮೇಲ್ಗಾಲುವೆ ನಿರ್ಮಾಣವಾಗಿ, 1913ರ ನವೆಂಬರ್ 5ರಂದು ನೀರು ನಗರದ ಅಂಚನ್ನು ಮುಟ್ಟಿತು. ಒಂದೂ ಪಂಪು ಇಲ್ಲದೆ, ಕೇವಲ ಇಳಿಜಾರಿನ ಬಲದಿಂದ ಅಷ್ಟು ದೂರ ನೀರನ್ನು ಹರಿಸಿದ ಆ ಕಾಲುವೆ ಎಂಜಿನಿಯರಿಂಗ್ ವಿದ್ಯೆಯ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಕಣಿವೆಯ ಪಾಲಿಗೆ ಅದು ಬೇರೆಯೇ ಆಗಿತ್ತು. 1924ರಲ್ಲಿ ರೊಚ್ಚಿಗೆದ್ದ ರೈತರು ಕಾಲುವೆಗೆ ಡೈನಮೈಟ್ ಇಟ್ಟರು. ಅದೇ ವರ್ಷ ನವೆಂಬರಿನಲ್ಲಿ ಅದರ ತೂಬನ್ನು ವಶಪಡಿಸಿಕೊಂಡು ಕೆಲವು ದಿನ ನೀರನ್ನು ನದಿಗೇ ತಿರುಗಿಸಿದರು. ಹೋರಾಟ ಗೆಲ್ಲಲಿಲ್ಲ. 1920ರ ದಶಕದಲ್ಲಿ ಓವೆನ್ಸ್ ಸರೋವರ ಒಣಗಿ, ಅದರ ಉಪ್ಪಿನ ತಳವು ಗಾಳಿಗೆ ಏಳುವ ಧೂಳಿನ ಬಯಲಾಯಿತು. ತೋಟಗಳು ಒಣಗಿದವು, ಜನರು ಗುಳೆ ಹೋದರು. ಕಣಿವೆಯ ತಳದ ಬಹುಪಾಲು ನೆಲ ಇಂದಿಗೂ ಲಾಸ್ ಏಂಜಲೀಸ್ ನಗರದ ಒಡೆತನದಲ್ಲಿದೆ.

ಇಲ್ಲಿ ಒಂದು ತಪ್ಪು ಕಲ್ಪನೆಗೆ ಎಡೆ ಕೊಡಬಾರದು. ವೀಕ್ಷಣಾಲಯದ ಬಳಿ ಓವೆನ್ಸ್ ನದಿ ಈಗಲೂ ಹರಿಯುತ್ತಿದೆ. ನೀರು ಕಾಲುವೆಗೆ ತಿರುಗುವುದು ಅಲ್ಲಿಂದ ದಕ್ಷಿಣಕ್ಕೆ. ಅದರ ಕೆಳಗಿನ ಒಣಗಿದ ಪಾತ್ರಕ್ಕೆ 2006ರ ಡಿಸೆಂಬರಿನಿಂದ ಸ್ವಲ್ಪ ನೀರನ್ನು ಮತ್ತೆ ಬಿಡಲಾಗುತ್ತಿದೆ. ಇದು ದೀರ್ಘಕಾಲದ ವ್ಯಾಜ್ಯದ ಫಲ.

ರೇಡಿಯೋ ಮೌನವೆಂದರೇನು

ನೀರಿಗೂ ನಕ್ಷತ್ರಗಳಿಗೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರ ಸರಳವಾಗಿದೆ. ನೀರು ಹೋದಲ್ಲಿ ಊರು ಬೆಳೆಯಲಿಲ್ಲ. ಊರು ಬೆಳೆಯದಲ್ಲಿ ರೇಡಿಯೋ ಗದ್ದಲ ಹುಟ್ಟಲಿಲ್ಲ.

ಆಕಾಶಕಾಯಗಳು ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಅಲ್ಲದೆ ರೇಡಿಯೋ ತರಂಗಗಳನ್ನೂ ಹೊರಸೂಸುತ್ತವೆ ಎಂಬುದನ್ನು ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರ್ 1930ರ ದಶಕದ ಆರಂಭದಲ್ಲಿ ಕಂಡುಹಿಡಿದನು. ಆದರೆ ಆ ತರಂಗಗಳು ಭೂಮಿಯನ್ನು ತಲುಪುವಾಗ ಊಹೆಗೂ ನಿಲುಕದಷ್ಟು ಕ್ಷೀಣವಾಗಿರುತ್ತವೆ. ಅವುಗಳನ್ನು ಅಳೆಯಲು ಬಳಸುವ ‘ಜಾನ್ಸ್ಕಿ’ ಎಂಬ ಏಕಮಾನವು, ಒಂದು ಚದರ ಮೀಟರಿನ ಮೇಲೆ ಒಂದು ಹರ್ಟ್ಸ್ ವ್ಯಾಪ್ತಿಯಲ್ಲಿ ಬೀಳುವ ಒಂದು ವ್ಯಾಟ್ ಶಕ್ತಿಯನ್ನು 1ರ ಮುಂದೆ 26 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಷ್ಟು. ಇಷ್ಟು ಮೆಲ್ಲನೆಯ ಪಿಸುಮಾತಿನ ಪಕ್ಕದಲ್ಲಿ ಒಂದು ಮೊಬೈಲ್ ಫೋನು ಜಾತ್ರೆಯ ಧ್ವನಿವರ್ಧಕವಿದ್ದಂತೆ. ದೂರದರ್ಶನದ ಪ್ರಸಾರ ಗೋಪುರ, ವಾಹನದ ಎಂಜಿನ್ನಿನ ಕಿಡಿ, ವೆಲ್ಡಿಂಗ್ ಯಂತ್ರ, ಹಳೆಯ ವಿದ್ಯುತ್ ತಂತಿ ಎಲ್ಲವೂ ಗದ್ದಲದ ಮೂಲಗಳೇ. ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಲ್ಲಿ ಹಲವು ವರ್ಷ ವಿಜ್ಞಾನಿಗಳನ್ನು ಕಾಡಿದ ವಿಚಿತ್ರ ಸಂಕೇತಗಳ ಮೂಲವು, ಕೆಲಸ ಮುಗಿಯುವ ಮುನ್ನವೇ ಯಾರೋ ಬಾಗಿಲು ತೆರೆಯುತ್ತಿದ್ದ ಮೈಕ್ರೋವೇವ್ ಒಲೆ ಎಂದು 2015ರಲ್ಲಿ ಪತ್ತೆಯಾಯಿತು.

ರೇಡಿಯೋ ತರಂಗಗಳನ್ನು ಪರ್ವತದ ಕಲ್ಲು ಬಹುಮಟ್ಟಿಗೆ ತಡೆಯುತ್ತದೆ. ಹೀಗಾಗಿ ಸಿಯೆರಾ ಶ್ರೇಣಿಯು ಮೋಡಗಳನ್ನು ತಡೆದಂತೆಯೇ ಕರಾವಳಿಯ ಮಹಾನಗರಗಳ ಗದ್ದಲವನ್ನೂ ತಡೆಯುತ್ತದೆ. ಒಳಗೆ ಜನ ವಿರಳ, ಹೊರಗಿನಿಂದ ಬರುವುದಕ್ಕೆ ಗೋಡೆ ಅಡ್ಡ. ನಗರವು ನೀರಿಗಾಗಿ ಬರಿದುಮಾಡಿದ ಕಣಿವೆಯು ಅದೇ ನಗರದ ಗದ್ದಲದಿಂದ ದೂರವಾದ ನೆಲೆಯಾಗಿ ಖಗೋಳವಿಜ್ಞಾನಿಗಳಿಗೆ ಒದಗಿತು.

ಸ್ಥಾಪನೆ

ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ತಂತ್ರಜ್ಞಾನ ಬೆಳೆದ ಫಲವಾಗಿ ಯುದ್ಧಾನಂತರ ರೇಡಿಯೋ ಖಗೋಳವಿಜ್ಞಾನವು ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿ ವೇಗವಾಗಿ ಮುನ್ನಡೆಯಿತು. ಅಮೆರಿಕ ಹಿಂದೆ ಬಿದ್ದಿತ್ತು. ಕ್ಯಾಲ್ಟೆಕ್‌ನ ಆಗಿನ ಅಧ್ಯಕ್ಷ ಲೀ ಡುಬ್ರಿಜ್ ಅವರು ಯುದ್ಧಕಾಲದಲ್ಲಿ ರೇಡಾರ್ ಸಂಶೋಧನೆಯ ಮುಖ್ಯ ಪ್ರಯೋಗಾಲಯವೊಂದನ್ನು ನಡೆಸಿದವರು. ಈ ಕೊರತೆ ಅವರಿಗೆ ಚೆನ್ನಾಗಿ ತಿಳಿದಿತ್ತು. ಅವರು ಆಸ್ಟ್ರೇಲಿಯದಿಂದ ಜಾನ್ ಬೋಲ್ಟನ್ ಮತ್ತು ಗಾರ್ಡನ್ ಸ್ಟ್ಯಾನ್ಲಿ ಅವರನ್ನು ಕರೆಸಿದರು. ಈ ಇಬ್ಬರೂ ಸಿಡ್ನಿಯ ಸಮುದ್ರದಂಚಿನ ಬಂಡೆಯ ಮೇಲೆ ಸರಳ ಆಂಟೆನಾ ನಿಲ್ಲಿಸಿ, ಆಕಾಶದಲ್ಲಿ ಕೇವಲ ‘ರೇಡಿಯೋ ಮಚ್ಚೆ’ಗಳೆನಿಸಿದ್ದವುಗಳಲ್ಲಿ ಮೂರನ್ನು 1949ರಲ್ಲಿ ನಿಜವಾದ ಕಾಯಗಳೊಡನೆ ಗುರುತಿಸಿ ಹೆಸರಾಗಿದ್ದರು. ಏಡಿ ನೀಹಾರಿಕೆ ಅವುಗಳಲ್ಲೊಂದು.

ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿ ಹಣ ಒದಗಿಸಿತು. ವಿಶಾಲವಾದ ಸಮತಟ್ಟು ನೆಲ, ರೇಡಿಯೋ ಮೌನ, ಪ್ಯಾಸಡೀನಾದಿಂದ ಒಂದೇ ದಿನದಲ್ಲಿ ತಲುಪಬಹುದಾದ ದೂರ ಎಂಬ ಮೂರೂ ಬೇಡಿಕೆಗಳಿಗೆ ಓವೆನ್ಸ್ ಕಣಿವೆ ಹೊಂದಿಕೆಯಾಯಿತು. 1958ರಲ್ಲಿ ಇಲ್ಲಿ ಕೆಲಸ ಆರಂಭವಾಯಿತು. ಬೋಲ್ಟನ್ 1961ರ ಹೊತ್ತಿಗೆ ಪಾರ್ಕ್ಸ್ ದೂರದರ್ಶಕದ ಹೊಣೆ ಹೊತ್ತು ಆಸ್ಟ್ರೇಲಿಯಕ್ಕೆ ಮರಳಿದರು. ಸ್ಟ್ಯಾನ್ಲಿ ಇಲ್ಲಿಯೇ ಉಳಿದು ವೀಕ್ಷಣಾಲಯವನ್ನು ಕಟ್ಟಿದರು.

ಜೋಡಿ ತಟ್ಟೆಗಳು

ವೀಕ್ಷಣಾಲಯಕ್ಕೆ ಕೀರ್ತಿ ತಂದದ್ದು ತಲಾ 27.4 ಮೀಟರ್ ವ್ಯಾಸದ ಎರಡು ತಟ್ಟೆಗಳು. ಇವು ಇಂದಿಗೂ ಅಲ್ಲಿಯೇ ನಿಂತಿವೆ. ಭೇಟಿ ನೀಡುವವರು ಇವುಗಳ ಬುಡವನ್ನು ಗಮನಿಸಬೇಕು: ಅವು ಹಳಿಗಳ ಮೇಲೆ ಚಲಿಸುವಂತೆ ರಚಿತವಾಗಿದ್ದವು. ಹಳಿಗಳು ಪೂರ್ವ ಪಶ್ಚಿಮವಾಗಿ ಒಂದು, ಉತ್ತರ ದಕ್ಷಿಣವಾಗಿ ಇನ್ನೊಂದು, ತಲಾ ಸುಮಾರು 490 ಮೀಟರ್ ಉದ್ದ.

ಹಳಿಗಳೇಕೆ ಬೇಕಾದವು? ದೂರದರ್ಶಕವೊಂದು ಎಷ್ಟು ಸೂಕ್ಷ್ಮವಾಗಿ ನೋಡಬಲ್ಲುದು ಎಂಬುದು ಅದು ಗ್ರಹಿಸುವ ತರಂಗದೂರವನ್ನೂ ಅದರ ವ್ಯಾಸವನ್ನೂ ಅವಲಂಬಿಸಿದೆ. ತರಂಗದೂರ ಹೆಚ್ಚಿದಷ್ಟೂ ನೋಟ ಮಸುಕು. ವ್ಯಾಸ ಹೆಚ್ಚಿದಷ್ಟೂ ನೋಟ ಚುರುಕು. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗದಷ್ಟು. ಈ ತಟ್ಟೆಗಳು ಆರಂಭದಲ್ಲಿ ಬಳಸಿದ 960 ಮೆಗಾಹರ್ಟ್ಸ್ ಆವೃತ್ತಿಯ ತರಂಗದೂರ ಸುಮಾರು 31 ಸೆಂಟಿಮೀಟರ್. ಆದ್ದರಿಂದ 27 ಮೀಟರಿನ ಒಂಟಿ ತಟ್ಟೆಗೆ ಪೂರ್ಣಚಂದ್ರನಿಗಿಂತ ದೊಡ್ಡದಾದ ಒಂದು ಮಚ್ಚೆಯಷ್ಟು ಆಕಾಶವು ಒಂದೇ ಬಿಂದುವಾಗಿ ತೋರುತ್ತದೆ. ಅಷ್ಟು ಅಗಲದಲ್ಲಿ ಸಾವಿರಾರು ನಕ್ಷತ್ರಗಳೂ ಗೆಲಾಕ್ಸಿಗಳೂ ಅಡಗಿರಬಹುದು. ರೇಡಿಯೋ ತರಂಗ ಯಾವುದರಿಂದ ಬಂತೆಂದು ಹೇಳುವುದು ಹೇಗೆ?

ಇದಕ್ಕೆ ಪರಿಹಾರ ವ್ಯತಿಕರಣಮಾಪಕ. ಎರಡು ತಟ್ಟೆಗಳನ್ನು ದೂರ ದೂರ ನಿಲ್ಲಿಸಿ ಒಂದೇ ಕಾಯವನ್ನು ನೋಡಿದಾಗ ಅದರ ತರಂಗವು ಒಂದು ತಟ್ಟೆಯನ್ನು ತುಸು ಮೊದಲೂ ಇನ್ನೊಂದನ್ನು ತುಸು ತಡವಾಗಿಯೂ ಮುಟ್ಟುತ್ತದೆ. ಎರಡೂ ಸಂಕೇತಗಳನ್ನು ಕೂಡಿಸಿದಾಗ, ಕೆರೆಗೆ ಎಸೆದ ಎರಡು ಕಲ್ಲುಗಳ ಅಲೆಗಳು ಕೆಲವೆಡೆ ಉಬ್ಬಿ ಕೆಲವೆಡೆ ಅಳಿಸಿಹೋಗುವಂತೆ, ಏರಿಳಿತದ ಪಟ್ಟೆಗಳು ಮೂಡುತ್ತವೆ. ಆ ಪಟ್ಟೆಗಳ ಅಗಲವನ್ನು ನಿರ್ಧರಿಸುವುದು ತಟ್ಟೆಯ ವ್ಯಾಸವಲ್ಲ, ತಟ್ಟೆಗಳ ನಡುವಿನ ಅಂತರ. 490 ಮೀಟರ್ ಅಂತರದಲ್ಲಿ ಪಟ್ಟೆಯ ಅಗಲ ಪೂರ್ಣಚಂದ್ರನ ಅಗಲದ ಸುಮಾರು ಹದಿನಾಲ್ಕರಲ್ಲಿ ಒಂದು ಪಾಲು. ಹಳಿಯ ಮೇಲೆ ತಟ್ಟೆಗಳನ್ನು ಸರಿಸುತ್ತ ಬೇರೆ ಬೇರೆ ಅಂತರಗಳಲ್ಲಿ ಅಳೆದರೆ ಕಾಯದ ಸ್ಥಾನವೂ ಆಕಾರವೂ ಕ್ರಮೇಣ ಹೊರಬೀಳುತ್ತವೆ.

ಈ ವಿಧಾನದಿಂದ ದೊರೆತ ಸ್ಥಾನಗಳನ್ನು ಹಿಡಿದು ಪಾಲೊಮಾರ್ ಬೆಟ್ಟದ 200 ಅಂಗುಲದ ದ್ಯುತಿ ದೂರದರ್ಶಕವು ಆಯಾ ಜಾಗವನ್ನು ನೋಡುತ್ತಿತ್ತು. 1960ರಲ್ಲಿ 3ಸಿ 295 ಎಂಬ ರೇಡಿಯೋ ಮೂಲವು ಅದುವರೆಗೆ ತಿಳಿದಿದ್ದ ಎಲ್ಲಕ್ಕಿಂತ ದೂರದ ಗೆಲಾಕ್ಸಿ ಎಂದು ರುಡಾಲ್ಫ್ ಮಿಂಕೋವ್ಸ್ಕಿ ತೋರಿಸಿದರು. ಅದೇ ವರ್ಷ ಥಾಮಸ್ ಮ್ಯಾಥ್ಯೂಸ್ ಮತ್ತು ಅಲನ್ ಸ್ಯಾಂಡೇಜ್ ಅವರು 3ಸಿ 48 ಇರುವ ಸ್ಥಳದಲ್ಲಿ ಗೆಲಾಕ್ಸಿಯ ಬದಲು ನೀಲಿಛಾಯೆಯ ನಕ್ಷತ್ರದಂಥ ಬಿಂದುವೊಂದನ್ನು ಕಂಡರು. ಅದರ ರೋಹಿತ ಯಾರಿಗೂ ಅರ್ಥವಾಗಲಿಲ್ಲ. 1963ರಲ್ಲಿ ಮಾರ್ಟೆನ್ ಸ್ಮಿತ್ ಅವರು 3ಸಿ 273ರ ರೋಹಿತದ ಒಗಟನ್ನು ಬಿಡಿಸಿದ ಮೇಲೆಯೇ 3ಸಿ 48 ಕೂಡ ಅಂಥದೇ ಅತಿದೂರದ, ಅತಿಪ್ರಕಾಶದ ಕಾಯವೆಂದು ತಿಳಿದದ್ದು. ಅವುಗಳನ್ನು ನಾವಿಂದು ಕ್ವೇಸಾರ್‌ಗಳೆಂದು ಕರೆಯುತ್ತೇವೆ. ಮಹಾಸ್ಫೋಟದ ಅವಶೇಷ ವಿಕಿರಣವನ್ನು ಕಂಡುಹಿಡಿದು 1978ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ರಾಬರ್ಟ್ ವಿಲ್ಸನ್ ಡಾಕ್ಟರೇಟ್ ವಿದ್ಯಾರ್ಥಿಯಾಗಿ ಪಳಗಿದ್ದೂ ಈ ಕಣಿವೆಯಲ್ಲಿಯೇ.

ರಾಧಾಕೃಷ್ಣನ್ ಮತ್ತು ಬೆಂಗಳೂರಿನ ನಂಟು

ಸರ್ ಸಿ. ವಿ. ರಾಮನ್ ಅವರ ಪುತ್ರರಾದ ವಿ. ರಾಧಾಕೃಷ್ಣನ್ (1929–2011) ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ಸ್ವೀಡನ್ನಿನಲ್ಲಿ ಕೆಲಕಾಲ ದುಡಿದು 1950ರ ದಶಕದ ಕೊನೆಯಲ್ಲಿ ಅವರು ಕ್ಯಾಲ್ಟೆಕ್ ಸೇರಿದಾಗ ಜೋಡಿ ತಟ್ಟೆಗಳು ಹೊಸದಾಗಿದ್ದವು. ಗುರುಗ್ರಹದಿಂದ ಬರುವ ರೇಡಿಯೋ ತರಂಗಗಳು ಅದರ ಉಷ್ಣತೆಯಿಂದ ನಿರೀಕ್ಷಿಸಬಹುದಾದುದಕ್ಕಿಂತ ಬಹಳ ಪ್ರಬಲವಾಗಿದ್ದವು. ಕಾರಣವೇನೆಂಬುದು ಆಗಿನ ಒಗಟು. ರಾಧಾಕೃಷ್ಣನ್ ಮತ್ತು ಜೇಮ್ಸ್ ರಾಬರ್ಟ್ಸ್ 1960ರಲ್ಲಿ ಎರಡು ಸಂಗತಿಗಳನ್ನು ತೋರಿಸಿಕೊಟ್ಟರು. ಒಂದು, ಆ ತರಂಗಗಳು ಧ್ರುವೀಕೃತವಾಗಿವೆ. ಎರಡು, ಅವು ಹೊಮ್ಮುವ ಪ್ರದೇಶವು ಗ್ರಹದ ಬಿಂಬಕ್ಕಿಂತ ಸುಮಾರು ಮೂರು ಪಟ್ಟು ಅಗಲವಾಗಿದೆ. ಇದರಿಂದ ಸಿದ್ಧವಾದುದೇನೆಂದರೆ, ತರಂಗಗಳ ಮೂಲ ಗ್ರಹದ ಮೈಯಲ್ಲ. ಅದರ ಪ್ರಬಲ ಕಾಂತಕ್ಷೇತ್ರದಲ್ಲಿ ಸಿಕ್ಕು ಸುತ್ತುತ್ತಿರುವ ಇಲೆಕ್ಟ್ರಾನುಗಳ ಪಟ್ಟಿ. ಭೂಮಿಯ ಸುತ್ತಲೂ ವಿಕಿರಣ ಪಟ್ಟಿಗಳಿವೆ ಎಂಬುದು ಕೃತಕ ಉಪಗ್ರಹಗಳಿಂದ ತಿಳಿದು ಆಗಿನ್ನೂ ಎರಡೇ ವರ್ಷಗಳಾಗಿದ್ದವು. ಗುರುಗ್ರಹದ ಸಮೀಪಕ್ಕೆ ಯಾವ ನೌಕೆಯೂ ಹೋಗಿರಲಿಲ್ಲ. ನೆಲದ ಮೇಲೆ ನಿಂತು, ಹಳಿಯ ಮೇಲಿನ ಎರಡು ತಟ್ಟೆಗಳಿಂದ ಇಷ್ಟನ್ನು ಕಂಡುಕೊಂಡದ್ದು ಸಣ್ಣ ಸಾಧನೆಯಲ್ಲ.

ಡಾಕ್ಟರೇಟ್ ಪದವಿಯನ್ನು ಎಂದೂ ಪಡೆಯದ ಈ ವಿಜ್ಞಾನಿ ಮುಂದೆ ತ್ರಿಕಾಯ ಹಾಯಿದೋಣಿಯೊಂದರಲ್ಲಿ ಸಾಗರಗಳನ್ನು ದಾಟಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೋದರು. ದೋಣಿಗೆ ಇಟ್ಟಿದ್ದ ಹೆಸರು ‘ಸಿಗ್ನಸ್ ಎ’. ಅದು ಆಕಾಶದ ಪ್ರಬಲ ರೇಡಿಯೋ ಮೂಲಗಳಲ್ಲೊಂದರ ಹೆಸರು. 1972ರಿಂದ 1994ರವರೆಗೆ ಅವರು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಗೌರಿಬಿದನೂರು ಬಳಿಯ ರೇಡಿಯೋ ವೀಕ್ಷಣಾಲಯವನ್ನು ಆ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಜೊತೆಗೂಡಿ ಕಟ್ಟಿದ್ದು 1970ರ ದಶಕದಲ್ಲಿ, ಅವರ ಅವಧಿಯಲ್ಲಿಯೇ. ಸಂಸ್ಥೆಯ ಬೆಂಗಳೂರು ಆವರಣದಲ್ಲಿ ಸ್ಥಾಪಿತವಾದ 10.4 ಮೀಟರ್ ವ್ಯಾಸದ ಮಿಲಿಮೀಟರ್ ತರಂಗ ದೂರದರ್ಶಕವು ಕ್ಯಾಲ್ಟೆಕ್‌ನ ರಾಬರ್ಟ್ ಲೇಟನ್ ಅವರ ವಿನ್ಯಾಸವನ್ನು ಅನುಸರಿಸಿದ್ದು. ಲೇಟನ್ ತಟ್ಟೆಗಳ ತವರು ಓವೆನ್ಸ್ ಕಣಿವೆ.

ನಂತರದ ಉಪಕರಣಗಳು

1960ರ ದಶಕದಲ್ಲಿ ಕ್ಯಾಲ್ಟೆಕ್ ತಲಾ 40 ಮೀಟರ್ ವ್ಯಾಸದ ಎಂಟು ತಟ್ಟೆಗಳ ಸಾಲನ್ನು ಯೋಜಿಸಿತ್ತು. ಕಟ್ಟಲು ಸಾಧ್ಯವಾದುದು ಒಂದನ್ನು ಮಾತ್ರ. ಉಳಿದವಕ್ಕೆ ಹಣ ಸಿಗಲಿಲ್ಲ. ಕಡೆಗೆ ಅಂಥ ಬೃಹತ್ ಸಾಲು ಮೈದಳೆದದ್ದು ನ್ಯೂ ಮೆಕ್ಸಿಕೋ ರಾಜ್ಯದಲ್ಲಿ, ಬೇರೊಂದು ಸಂಸ್ಥೆಯ ಕೈಯಲ್ಲಿ. ಒಂಟಿಯಾಗಿ ಉಳಿದ ಈ 40 ಮೀಟರಿನ ತಟ್ಟೆ ಆವರಣದ ಅತಿದೊಡ್ಡ ದೂರದರ್ಶಕ. ಇದು 2007–08ರಿಂದ ಸುಮಾರು 1,800 ಬ್ಲೇಜಾರ್‌ಗಳನ್ನು, ಅಂದರೆ ತಮ್ಮ ಕಣಧಾರೆಯನ್ನು ನಮ್ಮ ಕಡೆಗೇ ಚಿಮ್ಮುತ್ತಿರುವ ಕಪ್ಪುಕುಳಿಗಳ ಗೆಲಾಕ್ಸಿಗಳನ್ನು, ವಾರಕ್ಕೆ ಎರಡು ಬಾರಿಯಂತೆ ಅಳೆಯುತ್ತ ಬಂದಿದೆ. ಹಾಜರಿ ಪುಸ್ತಕ ಬರೆಯುವಂಥ ಈ ನೀರಸ ಕೆಲಸದ ಬೆಲೆ ವರ್ಷಗಳು ಕಳೆದಂತೆ ತಿಳಿಯುತ್ತದೆ. ಅಂಥ ಒಂದು ಬ್ಲೇಜಾರ್‌ನ ಹೊಳಪು ಕ್ರಮಬದ್ಧವಾಗಿ ಏರಿಳಿಯುತ್ತಿರುವುದನ್ನು ದಶಕಗಳ ದಾಖಲೆಗಳಲ್ಲಿ ಗುರುತಿಸಿ, ಅಲ್ಲಿ ಎರಡು ದೈತ್ಯ ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಿರಬಹುದೆಂದು 2022ರಲ್ಲಿ ಸಂಶೋಧಕರು ಪ್ರಕಟಿಸಿದರು.

ಲೇಟನ್ ವಿನ್ಯಾಸದ 10.4 ಮೀಟರಿನ ಆರು ತಟ್ಟೆಗಳು ಇಲ್ಲಿ ಮಿಲಿಮೀಟರ್ ತರಂಗಗಳ ಸಾಲಾಗಿ ದುಡಿದವು. ಕಣಿವೆಯ ಗಾಳಿಯಲ್ಲಿನ ಅಲ್ಪ ತೇವವೂ ಈ ತರಂಗಗಳನ್ನು ಹೀರಿಕೊಳ್ಳುವುದರಿಂದ ಅವುಗಳನ್ನು ಪೂರ್ವದ ಬೆಟ್ಟದ ಮೇಲಿನ, 2,200 ಮೀಟರ್ ಎತ್ತರದ ಸೀಡರ್ ಫ್ಲ್ಯಾಟ್ ಎಂಬ ಸ್ಥಳಕ್ಕೆ ಸಾಗಿಸಿ ಬೇರೆ ವಿಶ್ವವಿದ್ಯಾನಿಲಯಗಳ ತಟ್ಟೆಗಳೊಡನೆ ಸೇರಿಸಲಾಯಿತು. ಆ ಕೂಡುಸಾಲು 2015ರಲ್ಲಿ ಮುಚ್ಚಿತು. ಇವಲ್ಲದೆ, ಹವಾಯಿಯಿಂದ ಕೆರಿಬಿಯನ್ ದ್ವೀಪದವರೆಗೆ ಹಬ್ಬಿರುವ ಹತ್ತು ದೂರದರ್ಶಕಗಳ ಜಾಲದ ಒಂದು 25 ಮೀಟರ್ ತಟ್ಟೆ ಮತ್ತು ನ್ಯೂ ಜೆರ್ಸಿಯ ತಂತ್ರಜ್ಞಾನ ಸಂಸ್ಥೆ ನಡೆಸುವ ಸೂರ್ಯವೀಕ್ಷಣೆಯ ಸಾಲು ಕೂಡ ಇಲ್ಲಿವೆ.

ಗಾತ್ರದಿಂದ ಮಹತ್ವವನ್ನು ಅಳೆಯಬಾರದೆಂಬುದಕ್ಕೆ 2020ರ ಶೋಧವೊಂದು ನಿದರ್ಶನ. ಒಂದು ಸೆಕೆಂಡಿನ ಸಾವಿರದ ಕೆಲವೇ ಅಂಶಗಳಷ್ಟು ಕಾಲ ಮಿಂಚಿ ಮರೆಯಾಗುವ ‘ಕ್ಷಿಪ್ರ ರೇಡಿಯೋ ಸ್ಫೋಟ’ಗಳು 2007ರಿಂದ ಖಗೋಳವಿಜ್ಞಾನಿಗಳನ್ನು ಕಾಡುತ್ತಿದ್ದವು. ಅವೆಲ್ಲವೂ ಅತಿದೂರದ ಗೆಲಾಕ್ಸಿಗಳಿಂದ ಬರುತ್ತಿದ್ದುದರಿಂದ ಮೂಲ ತಿಳಿಯುತ್ತಿರಲಿಲ್ಲ. ನಮ್ಮ ಗೆಲಾಕ್ಸಿಯಲ್ಲಿಯೇ ಅಂಥದೊಂದು ಘಟಿಸಿದರೆ ಅದು ಎಷ್ಟು ಪ್ರಬಲವಾಗಿರುತ್ತದೆಂದರೆ ದೊಡ್ಡ ತಟ್ಟೆಯ ಅಗತ್ಯವೇ ಇಲ್ಲ ಎಂದು ತರ್ಕಿಸಿದ ಕ್ಯಾಲ್ಟೆಕ್‌ನ ಸಂಶೋಧನಾ ವಿದ್ಯಾರ್ಥಿ ಕ್ರಿಸ್ಟೋಫರ್ ಬೋಚೆನೆಕ್ ಮತ್ತು ಸಂಗಡಿಗರು, ಒಂದು ಲೋಹದ ಕೊಳವೆಯ ಸುತ್ತ ಕೇಕ್ ಬೇಯಿಸುವ ತಟ್ಟೆಗಳನ್ನು ಜೋಡಿಸಿ ಸಣ್ಣ ಗ್ರಾಹಕಗಳನ್ನು ತಯಾರಿಸಿದರು. ಮೂರು ಸ್ಥಳಗಳಲ್ಲಿ ಇರಿಸಿದ ಅವುಗಳಲ್ಲಿ ಒಂದು ಓವೆನ್ಸ್ ಕಣಿವೆಯಲ್ಲಿತ್ತು. 2020ರ ಏಪ್ರಿಲ್ 28ರಂದು ನಮ್ಮ ಗೆಲಾಕ್ಸಿಯ ಒಂದು ಮ್ಯಾಗ್ನೆಟಾರ್, ಅಂದರೆ ಅತಿಪ್ರಬಲ ಕಾಂತಕ್ಷೇತ್ರವುಳ್ಳ ನ್ಯೂಟ್ರಾನ್ ನಕ್ಷತ್ರ, ಅಂಥ ಸ್ಫೋಟವನ್ನು ಹೊಮ್ಮಿಸಿತು. ಈ ಗ್ರಾಹಕಗಳೂ ಕೆನಡಾದ ಒಂದು ದೂರದರ್ಶಕವೂ ಅದನ್ನು ಹಿಡಿದವು. ಹುಬ್ಬಳ್ಳಿಯಲ್ಲಿ ಬೆಳೆದ ಖಗೋಳವಿಜ್ಞಾನಿ ಶ್ರೀನಿವಾಸ ಕುಲಕರ್ಣಿ ಆ ತಂಡದ ಪ್ರಬಂಧದ ಲೇಖಕರಲ್ಲೊಬ್ಬರು. ಇಂಥ ಸ್ಫೋಟಗಳ ಸ್ಥಾನವನ್ನು ನಿಖರವಾಗಿ ಗುರುತಿಸಲೆಂದೇ ತಲಾ 4.65 ಮೀಟರ್ ವ್ಯಾಸದ ತಟ್ಟೆಗಳ ಹೊಸ ಸಾಲೊಂದು ಈಗ ಕಣಿವೆಯಲ್ಲಿ ಕೆಲಸ ಮಾಡುತ್ತಿದೆ.

ಅತಿ ದೀರ್ಘ ತರಂಗಗಳ ಸಾಲಿನಲ್ಲಿ ತಟ್ಟೆಗಳೇ ಇಲ್ಲ. ಪೊದೆಗಳ ನಡುವೆ ಚದುರಿ ನಿಂತ, ಎದೆಯೆತ್ತರದ 352 ಲೋಹದ ಚೌಕಟ್ಟುಗಳು ಸುಮಾರು 27ರಿಂದ 85 ಮೆಗಾಹರ್ಟ್ಸ್‌ವರೆಗಿನ ತರಂಗಗಳಲ್ಲಿ ಇಡೀ ಆಕಾಶವನ್ನು ಒಮ್ಮೆಗೇ ಗಮನಿಸುತ್ತವೆ. ಅಪರಿಚಿತರಿಗೆ ಅವು ಬಟ್ಟೆ ಹರಿದುಹೋದ ಕೊಡೆಗಳಂತೆ ಕಂಡರೆ ಆಶ್ಚರ್ಯವಿಲ್ಲ. ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ನಕ್ಷೆಗಿಳಿಸಿದ ಸಾವಿರ ದ್ವಿಧ್ರುವಗಳ ಸಾಲೂ ಇದೇ ಕುಲಕ್ಕೆ ಸೇರಿದ್ದು.

ಮೌನಕ್ಕೆ ಒದಗಿದ ಕಂಟಕ

ಪಶ್ಚಿಮ ವರ್ಜೀನಿಯದ ಗ್ರೀನ್ ಬ್ಯಾಂಕ್ ವೀಕ್ಷಣಾಲಯದ ಸುತ್ತ 1958ರಲ್ಲಿ ಸರ್ಕಾರವು ಸುಮಾರು 13,000 ಚದರ ಮೈಲಿಗಳ ರಾಷ್ಟ್ರೀಯ ರೇಡಿಯೋ ಮೌನವಲಯವನ್ನು ಘೋಷಿಸಿತು. ಓವೆನ್ಸ್ ಕಣಿವೆಗೆ ಅಷ್ಟು ವಿಶಾಲವಾದ ಶಾಸನದ ಬೇಲಿ ಇಲ್ಲ. ಇದರ ಕಾವಲು ಪರ್ವತಗಳದೇ. ಜಲಜನಕ ಪರಮಾಣುಗಳ ತರಂಗವಿರುವ 1,400ರಿಂದ 1,427 ಮೆಗಾಹರ್ಟ್ಸ್‌ನಂಥ ಕೆಲವು ಕಿರಿದಾದ ಪಟ್ಟಿಗಳನ್ನು ಅಂತರರಾಷ್ಟ್ರೀಯ ನಿಯಮಗಳು ವಿಜ್ಞಾನಕ್ಕಾಗಿ ಮೀಸಲಿಟ್ಟಿವೆ. ಆದರೆ ಇಂದಿನ ಸಂಶೋಧನೆಗೆ ಅಷ್ಟು ಸಾಲದು.

ಪರ್ವತಗಳು ಪಕ್ಕದಿಂದ ಬರುವುದನ್ನು ತಡೆಯಬಲ್ಲವು, ಮೇಲಿನಿಂದ ಬರುವುದನ್ನಲ್ಲ. ಅಂತರಜಾಲ ಸೇವೆಗಾಗಿ ಸಾವಿರಾರು ಉಪಗ್ರಹಗಳು ಈಗ ಭೂಮಿಯ ಸುತ್ತ ಕೆಳಕಕ್ಷೆಯಲ್ಲಿ ತಿರುಗುತ್ತಿವೆ. ಅವು ಪ್ರಪಂಚದ ಯಾವ ಕಣಿವೆಯನ್ನೂ ಬಿಡುವುದಿಲ್ಲ. ಅವು ಸಂಪರ್ಕಕ್ಕಾಗಿ ಬಳಸುವ ಆವೃತ್ತಿಗಳಲ್ಲದೆ, ಅವುಗಳೊಳಗಿನ ವಿದ್ಯುನ್ಮಾನ ಸಲಕರಣೆಗಳಿಂದ ಉದ್ದೇಶವಿಲ್ಲದೆ ಸೋರುವ ತರಂಗಗಳೂ ಇವೆ ಎಂಬುದನ್ನು ಯುರೋಪಿನ ಲೋಫಾರ್ ದೂರದರ್ಶಕವು 110ರಿಂದ 188 ಮೆಗಾಹರ್ಟ್ಸ್ ನಡುವೆ ಅಳೆದು 2023ರಲ್ಲಿ ವರದಿ ಮಾಡಿತು. ದೂರದ ಹಳ್ಳಿಗಳಿಗೆ ಸಂಪರ್ಕ ಒದಗಿಸುವ ಈ ಸೇವೆಯನ್ನು ಬೇಡವೆನ್ನುವುದು ಸುಲಭವಲ್ಲ. ಆದರೆ ನೂರು ವರ್ಷಗಳ ಹಿಂದೆ ಇದೇ ಕಣಿವೆಯ ನೀರಿನ ವಿಷಯದಲ್ಲಿ ಕೇಳಲಾಗದೆ ಉಳಿದ ಪ್ರಶ್ನೆ ಇಲ್ಲಿಯೂ ಇದೆ: ಎಲ್ಲರಿಗೂ ಸೇರಿದುದನ್ನು ಒಬ್ಬರು ಬಳಸಿದಾಗ ಕಳೆದುಕೊಂಡವರ ಲೆಕ್ಕವನ್ನು ಇಡುವವರು ಯಾರು?

ಭೇಟಿ

ಲಾಸ್ ಏಂಜಲೀಸಿನಿಂದ ವೀಕ್ಷಣಾಲಯಕ್ಕೆ ಸುಮಾರು 400 ಕಿಲೋಮೀಟರ್ ದಾರಿ. ಮೊಹಾವಿ ಮರುಭೂಮಿಯನ್ನು ದಾಟಿ 395ನೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ಮೊದಲು ಬಲಗಡೆ ಓವೆನ್ಸ್ ಸರೋವರದ ಒಣಗಿದ ಪಾತ್ರ ಕಾಣುತ್ತದೆ. ಮುಂದೆ ಎಡಗಡೆ ಮ್ಯಾನ್ಜನಾರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಹತ್ತು ಸಾವಿರಕ್ಕೂ ಹೆಚ್ಚು ಜಪಾನೀ ಮೂಲದ ಅಮೆರಿಕನ್ನರನ್ನು ಕೂಡಿಟ್ಟಿದ್ದ ಶಿಬಿರವಿದು. ಈಗ ರಾಷ್ಟ್ರೀಯ ಸ್ಮಾರಕ. ನೀರು ಕಳೆದುಕೊಂಡ ಹಣ್ಣಿನ ತೋಟಗಳ ಜಾಗದಲ್ಲಿಯೇ ಆ ಶಿಬಿರ ಎದ್ದಿತ್ತು. ಅವಸರದಲ್ಲಿರುವವರೂ ಇಲ್ಲಿ ಒಂದು ಗಂಟೆ ಇಳಿಯುವುದು ಒಳ್ಳೆಯದು.

ಬಿಗ್ ಪೈನ್ ಊರಿನಲ್ಲಿ 168ನೆಯ ರಸ್ತೆಗೆ ಪೂರ್ವಕ್ಕೆ ತಿರುಗಿ, ಬಳಿಕ ಲೇಟನ್ ಅವರ ಹೆಸರನ್ನೇ ಹೊತ್ತ ಕಿರುದಾರಿಯನ್ನು ಹಿಡಿದರೆ ತಟ್ಟೆಗಳು ಎದುರಾಗುತ್ತವೆ. ಇದು ಕೆಲಸ ನಡೆಯುವ ಸ್ಥಳ, ಪ್ರದರ್ಶನಾಲಯವಲ್ಲ. ಸಾರ್ವಜನಿಕ ಪ್ರವಾಸದ ದಿನಗಳನ್ನು ವೀಕ್ಷಣಾಲಯವೇ ಪ್ರಕಟಿಸುತ್ತದೆ, ಅದನ್ನು ನೋಡಿಕೊಂಡು ಹೊರಡಬೇಕು. ಬೇಸಗೆಯಲ್ಲಿ ಉಷ್ಣತೆ 38 ಡಿಗ್ರಿಯನ್ನು ಮೀರುವುದುಂಟು. ನೆರಳು ಕಡಿಮೆ, ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು. ತಂಗಲು ಉತ್ತರಕ್ಕೆ ಅರ್ಧ ಗಂಟೆಯೊಳಗಿನ ಬಿಷಪ್ ಪಟ್ಟಣದಲ್ಲಿ ಅನುಕೂಲವಿದೆ. ರೇಡಿಯೋ ವೀಕ್ಷಣಾಲಯ ಯಾವುದಾದರೂ ಸರಿ, ಮೊಬೈಲ್ ಫೋನನ್ನು ಸಂಪೂರ್ಣವಾಗಿ ಆರಿಸುವುದು ಅಲ್ಲಿನ ಮೊದಲ ಮರ್ಯಾದೆ.

ರಾತ್ರಿ ಬರಲಿಲ್ಲವಲ್ಲ ಎಂದು ಮರುಗಬೇಕಾಗಿಲ್ಲ. ರೇಡಿಯೋ ತರಂಗಗಳಿಗೆ ಹಗಲು ಇರುಳೆಂಬ ಭೇದ ಅಷ್ಟಾಗಿ ಇಲ್ಲದ ಕಾರಣ ಈ ದೂರದರ್ಶಕಗಳು ನಡುಹಗಲಿನಲ್ಲಿಯೂ ದುಡಿಯುತ್ತವೆ. ಆದ್ದರಿಂದ ಭೇಟಿಗಾರರು ನಿಜವಾದ ಕೆಲಸವನ್ನೇ ನೋಡುತ್ತಾರೆ: ನೀಲಿ ಆಕಾಶದಲ್ಲಿ ಏನೂ ಕಾಣದ ಕಡೆಗೆ ನೂರಾರು ಟನ್ನಿನ ತಟ್ಟೆ ಮೆಲ್ಲನೆ ತಿರುಗಿ ನಿಲ್ಲುತ್ತದೆ, ಕೆಲವು ನಿಮಿಷಗಳ ನಂತರ ಇನ್ನೊಂದು ಕಡೆಗೆ ಹೊರಳುತ್ತದೆ. ಚಲನಚಿತ್ರಗಳಲ್ಲಿ ತೋರಿಸುವಂತೆ ಇಲ್ಲಿ ಯಾರೂ ಕಿವಿಗೆ ಶ್ರವಣಯಂತ್ರ ಹಾಕಿಕೊಂಡು ಆಕಾಶವನ್ನು ಆಲಿಸುವುದಿಲ್ಲ. ಸಂಕೇತಗಳು ಅಂಕಿಗಳಾಗಿ ಗಣಕಯಂತ್ರವನ್ನು ಸೇರುತ್ತವೆ.

168ನೆಯ ರಸ್ತೆಯನ್ನೇ ಹಿಡಿದು ಮುಂದೆ ಬೆಟ್ಟವೇರಿದರೆ ಸೀಡರ್ ಫ್ಲ್ಯಾಟ್ ಸಿಗುತ್ತದೆ. ಅಲ್ಲಿಂದ ಎಡಕ್ಕೆ ಹೊರಟ ದಾರಿ, ಜೀವಂತವಾಗಿರುವ ಮರಗಳಲ್ಲಿ ಅತಿ ಹಳೆಯವೆಂದು ಹೆಸರಾದ ಬ್ರಿಸಲ್‌ಕೋನ್ ಪೈನ್ ಮರಗಳ ತೋಪಿಗೆ ಒಯ್ಯುತ್ತದೆ. ಅವುಗಳಲ್ಲಿ ಒಂದಕ್ಕೆ 4,800 ವರ್ಷಗಳಿಗೂ ಹೆಚ್ಚು ವಯಸ್ಸಾಗಿದೆ. ಹಿಮ ಬೀಳುವ ತಿಂಗಳುಗಳಲ್ಲಿ ಈ ದಾರಿ ಮುಚ್ಚಿರುತ್ತದೆ. ಏರುವಾಗ ಒಮ್ಮೆ ನಿಂತು ಹಿಂದಿರುಗಿ ನೋಡಿದರೆ ಇಡೀ ಕಣಿವೆ ಕೆಳಗೆ ತೆರೆದುಕೊಳ್ಳುತ್ತದೆ: ಆಚೆ ಬದಿಗೆ ಸಿಯೆರಾದ ಹಿಮ, ನಡುವೆ ನದಿಯ ಹಸಿರು ಗೆರೆ, ಅದರ ಪಕ್ಕದಲ್ಲಿ ಬಿಳಿಯ ಚುಕ್ಕಿಗಳಂತೆ ತಟ್ಟೆಗಳು.